ಬರೆದಿದ್ದನ್ನೇ ಮತ್ತೆ ಬರೀತಿದೀನಾ? ಸಾವಿರಾರು ನೋಟ್ಸ್ ಒಳಗೆ ಅದನ್ನ ಹುಡುಕೋದು ಹೇಗೆ

ಪ್ರಶ್ನೆ: ಆರು ವರ್ಷದಿಂದ ಫೋನಲ್ಲೂ ಲ್ಯಾಪ್‌ಟಾಪಲ್ಲೂ ನೋಟ್ಸ್ ಬರ್ಕೊಂಡು ಬಂದಿದೀನಿ, ನಾಲ್ಕು ಸಾವಿರದ ಹತ್ತಿರ ಇರ್ಬಹುದು. ಡೈರಿ ಥರದ್ದು, ಓದಿದ್ದರ ಟಿಪ್ಪಣಿ, ಮೀಟಿಂಗಲ್ಲಿ ಗೀಚಿದ್ದು, ಎಲ್ಲ ಕಲಸುಮೇಲೋಗರ. ಅರ್ಧ ಕನ್ನಡ ಲಿಪಿ, ಅರ್ಧ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಮೊನ್ನೆ ಹಳೇದನ್ನ ಓದ್ತಾ ಕೂತಾಗ ಒಂದೇ ಮಾತನ್ನ ಎಷ್ಟೋ ಸಲ ಬರೆದಿದೀನಿ ಅನ್ನಿಸ್ತು. ಅದನ್ನ ಸರಿಯಾಗಿ ಹುಡುಕೋದು ಹೇಗೆ? ಎಐ ಚಾಟಿಗೆ ಒಂದಷ್ಟು ಹಾಕಿ ನೋಡ್ದೆ, ಚೆನ್ನಾಗೇ ಹೇಳ್ತು, ಆದ್ರೆ ಯಾಕೋ ನಂಬಿಕೆ ಬರ್ತಿಲ್ಲ.

ಉತ್ತರ:

ನಂಬಿಕೆ ಬರ್ಲಿಲ್ಲ ಅಂದ್ರಲ್ಲ, ಅದು ಸರಿಯಾದ ಅನುಮಾನ, ಅಲ್ಲಿಂದಲೇ ಶುರು ಮಾಡ್ತೀನಿ. ನೋಟ್ಸ್ ಹಾಕಿ "ಇದ್ರಲ್ಲಿ ಏನು ರಿಪೀಟ್ ಆಗ್ತಿದೆ" ಅಂತ ಕೇಳಿದ್ರೆ ಸಾಮಾನ್ಯವಾಗಿ ಸಿಗೋ ಉತ್ತರ "ನಿಮಗೆ ಸಮಯ ಸಾಲ್ತಿಲ್ಲ ಅನ್ನೋ ಕೊರಗಿದೆ, ನಿಮ್ಮ ಮೇಲೆ ನೀವೇ ಒತ್ತಡ ಹಾಕ್ಕೋತೀರಿ" ಅನ್ನೋ ಥರದ್ದು. ಇದು ಯಾರ ಡೈರಿಗೆ ತಾನೆ ಒಪ್ಪಲ್ಲ ಹೇಳಿ. 1948ರಲ್ಲಿ ಬರ್ಟ್ರಮ್ ಫೋರರ್ ಅನ್ನೋ ಮನಶ್ಶಾಸ್ತ್ರಜ್ಞ ತನ್ನ ಕ್ಲಾಸಿನವರಿಗೆ ಒಂದು ಪರ್ಸನಾಲಿಟಿ ಟೆಸ್ಟ್ ಕೊಟ್ಟು, ಆಮೇಲೆ ಒಬ್ಬೊಬ್ಬರಿಗೂ "ಇದು ನಿಮ್ಮ ರಿಸಲ್ಟು" ಅಂತ ಒಂದೊಂದು ಹಾಳೆ ಹಂಚಿದ. ಎಷ್ಟು ಸರಿಯಾಗಿದೆ ಅಂತ 5ಕ್ಕೆ ಮಾರ್ಕ್ಸ್ ಹಾಕಿ ಅಂದಾಗ ಸರಾಸರಿ 4.26 ಬಂತು. ಎಲ್ಲರ ಕೈಲಿದ್ದಿದ್ದು ಅದೇ ಒಂದೇ ವಿವರಣೆ. ನಿಮಗೆ ಚೆನ್ನಾಗಿದೆ ಅನ್ನಿಸಿದ ಆ ಸಾರಾಂಶಕ್ಕೂ ಇದೇ ಅಪಾಯ ಇದೆ, ನಿಮ್ಮ ನೋಟ್ಸಿಂದಲೇ ಬಂತಾ ಇಲ್ಲಾ ಯಾರದ್ದಕ್ಕಾದ್ರೂ ಹೊಂದೋ ಮಾತಾ ಅಂತ ಗೊತ್ತಾಗಲ್ಲ. ಇನ್ನು ಲೆಕ್ಕ ಅಂತೂ, ಒಂದು ಮಾತು 37 ಸಲ ಬಂದಿದೆ ಅಂತ ಅದು ಹೇಳಿದ್ರೆ ನಿಜವಾಗ್ಲೂ ಎಣಿಸಿ ಹೇಳ್ತಾ ಅಂದಾಜಲ್ಲಿ ಹೇಳ್ತಾ ಅನ್ನೋದು ನೀವೇ ಫೈಲಲ್ಲಿ ಹುಡುಕಿ ನೋಡೋವರ್ಗೂ ತಿಳಿಯಲ್ಲ. ಎಐಗೂ ಇಲ್ಲಿ ಕೆಲ್ಸ ಇದೆ, ಆದ್ರೆ ಕೊನೇಲಿ.

ನಾನು ಇಷ್ಟು ವರ್ಷ ಬೇರೆಯವರ ಬರವಣಿಗೇನ, ನನ್ನದನ್ನೂ ಸೇರ್ಸಿ, ಈ ಥರ ಸೋಸಿ ನೋಡಿ ಕಲಿತಿದ್ದು ಒಂದೇ ಮಾತು. ಒಂದು ವಾಕ್ಯ ಎಷ್ಟು ಸಲ ಬಂತು ಅನ್ನೋ ಸಂಖ್ಯೆ ಹೆಚ್ಚೇನೂ ಹೇಳಲ್ಲ. ಎಷ್ಟು ಬೇರೆಬೇರೆ ದಿನ ಬಂತು, ಎಷ್ಟೆಷ್ಟು ತಿಂಗಳು ಬಿಟ್ಟು ಬಂತು, ಬಂದಾಗೆಲ್ಲ ಅದರ ಎಡಕ್ಕೇನಿತ್ತು ಬಲಕ್ಕೇನಿತ್ತು, ಈ ಮೂರು ಗೊತ್ತಾದ್ರೆ ಅದು ಬರೀ ಬಾಯಿಚಾಳಿನಾ ಇಲ್ಲಾ ನಿಜವಾಗಿ ನಿಮ್ಮನ್ನ ಬಿಡದೆ ಕಾಡ್ತಿರೋ ವಿಷಯಾನಾ ಅಂತ ಕಾಣತ್ತೆ. ಕೆಳಗೆ ಹೇಳೋದೆಲ್ಲ ಆ ಮೂರನ್ನ ಕಣ್ಮುಂದೆ ತರೋಕೆ.

ಮೊದ್ಲು ಎಲ್ಲಾ ನೋಟ್ಸ್ ಆಪ್‌ನಿಂದ ಹೊರಗೆ ಬರ್ಬೇಕು. ಆಪ್ ಒಳಗಿನ ಸರ್ಚ್ ಬಾಕ್ಸಲ್ಲಿ ನೀವು ಕೇಳಿದ್ದು ಮಾತ್ರ ಸಿಗತ್ತೆ, ಕೇಳೋಕೆ ತೋಚದೇ ಇರೋದು ಸಿಗಲ್ಲ, ನಮಗೆ ಬೇಕಿರೋದು ಆ ತೋಚದೇ ಇರೋದೇ. ಅಬ್ಸಿಡಿಯನ್ ಬಳಸ್ತಿದ್ರೆ ಅದು ಆಗ್ಲೇ ಮಾರ್ಕ್‌ಡೌನ್ ಫೈಲುಗಳು (ಸಾದಾ ಟೆಕ್ಸ್ಟೇ), ಫೋಲ್ಡರ್ ಕಾಪಿ ಮಾಡಿದ್ರೆ ಮುಗೀತು. ಗೂಗಲ್ ಕೀಪ್ ಆದ್ರೆ ಗೂಗಲ್ ಟೇಕ್‌ಔಟಿಂದ ಇಳಿಸ್ಕೊಳ್ಳಿ, ನೋಟಿಗೊಂದು ಜೇಸನ್ ಅನ್ನೋ ಡೇಟಾ ಫೈಲ್ ಬರತ್ತೆ, ಒಳಗೆ ಟೈಮ್‌ಸ್ಟ್ಯಾಂಪ್ ಇರತ್ತೆ. ನೋಶನ್ ಮಾರ್ಕ್‌ಡೌನಾಗಿ ಎಕ್ಸ್‌ಪೋರ್ಟ್ ಮಾಡತ್ತೆ, ಎವರ್‌ನೋಟ್ ತನ್ನದೇ ಒಂದು ಫಾರ್ಮ್ಯಾಟಲ್ಲಿ ಕೊಡತ್ತೆ, ಅದನ್ನ ಟೆಕ್ಸ್ಟ್ ಮಾಡ್ಕೋಬೇಕಾಗತ್ತೆ. ಕೊನೆಗೆ ನಿಮ್ಮ ಹತ್ರ ಉಳೀಬೇಕಾದ್ದು ಒಂದು ನೋಟಿಗೆ ಒಂದು ಟೆಕ್ಸ್ಟ್ ಫೈಲು, ಯುಟಿಎಫ್-8ರಲ್ಲಿ (ಕನ್ನಡ ಅಕ್ಷರ ಕೆಡದ ಹಾಗೆ ಉಳಿಸೋ ರೀತಿ), ಹೆಸರಿನ ಮೊದಲಿಗೆ 2021-03-14 ಥರ ತಾರೀಕು. ತಾರೀಕು ಹೆಸರಲ್ಲೇ ಇರ್ಲಿ ಅಂತ ಒತ್ತಿ ಹೇಳ್ತಿದೀನಿ, ಯಾಕಂದ್ರೆ ಫೈಲಿನ ಮಾಡಿಫೈಡ್ ಡೇಟ್ ಎಕ್ಸ್‌ಪೋರ್ಟ್ ಆದಾಗ ಬದಲಾಗಿ ಹೋಗಿರತ್ತೆ, ಆರು ವರ್ಷದ ನೋಟ್ಸೆಲ್ಲ ನಿನ್ನೆ ಬರ್ದಂಗೆ ಕಾಣತ್ತೆ, ಆಗ ದಿನದ ಲೆಕ್ಕ, ಗ್ಯಾಪಿನ ಲೆಕ್ಕ ಎರಡೂ ಹೋಯ್ತು. ಮೂಲ ಫೈಲುಗಳನ್ನ ಮುಟ್ಟಬೇಡಿ, ಕಾಪಿ ಮೇಲೆ ಮಾತ್ರ ಕೈಯಾಡ್ಸಿ.

ಆಮೇಲೆ ಕಸ ತೆಗಿಯೋದು. ಬೇಜಾರಿನ ಕೆಲ್ಸ, ಆದ್ರೆ ಇದನ್ನ ಬಿಟ್ರೆ ಲಿಸ್ಟಲ್ಲಿ ಮೇಲೆ ಬರೋದು ನಿಮ್ಮ ಮಾತಲ್ಲ, ನಿಮ್ಮ ಟೆಂಪ್ಲೇಟು. ದಿನಾ ಬೆಳಿಗ್ಗೆ "ಇವತ್ತಿನ ಮೂರು ಕೆಲ್ಸ" ಅಂತ ತಾನಾಗೇ ಬರೋ ಹೆಡ್ಡಿಂಗ್ ಸಾವಿರ ಸಲ ಇರತ್ತೆ, ಅದನ್ನ ಬರ್ದಿದ್ದು ಆಪ್. ಹಾಗೇ ಬೇರೆಯವರ ಬರಹದಿಂದ ಪೇಸ್ಟ್ ಮಾಡಿದ್ದು, ಲಿಂಕುಗಳು, ಮೀಟಿಂಗ್ ಅಜೆಂಡಾ, ಇವನ್ನ ಬೇರೆ ಇಡಿ. ಮೂರನೇದು ಸಿಂಕ್ ಎಡವಟ್ಟು, ಒಂದೇ ನೋಟು ಫೋನಿಂದ ಒಂದು ಲ್ಯಾಪ್‌ಟಾಪಿಂದ ಒಂದು ಅಂತ ಎರಡೆರಡು ಇರತ್ತೆ, ಅಲ್ಲಲ್ಲಿ ಒಂದೆರಡು ಪದ ಮಾತ್ರ ಬೇರೆ. ಇಂಥ ಜೋಡಿಗಳನ್ನ ಕಣ್ಣಲ್ಲಿ ಹುಡುಕೋಕಾಗಲ್ಲ. ಇದಕ್ಕೆ ವೆಬ್ ಸರ್ಚ್ ಕಾಲದಲ್ಲೇ ಉಪಾಯ ಆಗಿದೆ. 1997ರಲ್ಲಿ ಆಂಡ್ರೇ ಬ್ರೋಡರ್ ಬರೆದ ವಿಧಾನ, ಶಿಂಗ್ಲಿಂಗ್ ಅಂತಾರೆ, ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಬರೋ ಥರ ಬರಹವನ್ನ ನಾಲ್ಕೈದು ಪದದ ತುಂಡುಗಳಾಗಿ ಕತ್ತರಿಸಿ, ಎರಡು ನೋಟಲ್ಲಿ ಎಷ್ಟು ತುಂಡು ಒಂದೇ ಅಂತ ನೋಡೋದು. ಎರಡ್ರಲ್ಲೂ 200 ತುಂಡಿದ್ದು 180 ಒಂದೇ ಆದ್ರೆ, ಎರಡೂ ಸೇರಿ ಇರೋ ಬೇರೆಬೇರೆ ತುಂಡು 220, 180ನ್ನ 220ರಿಂದ ಭಾಗಿಸಿದ್ರೆ 0.82. ಇಷ್ಟು ಬಂದ ಜೋಡಿ ಬಹುತೇಕ ಒಂದೇ ನೋಟಿನ ಎರಡು ಕಾಪಿ, ಒಂದನ್ನ ಪಕ್ಕಕ್ಕಿಡಿ. ಇಲ್ಲಾಂದ್ರೆ ಒಂದು ದಿನ ಒಂದೇ ಸಲ ಬರೆದ ಮಾತು "ಎರಡು ನೋಟಲ್ಲಿದೆ" ಅಂತ ಲೆಕ್ಕಕ್ಕೆ ಬಂದ್ಬಿಡತ್ತೆ.

ಈಗ ಕನ್ನಡದ ವಿಷಯಕ್ಕೆ ಬರ್ತೀನಿ, ಇಲ್ಲಿ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಟೂಲುಗಳು ಕೈಕೊಡೋದೇ ಇಲ್ಲಿ, ಅದೂ ಎರರ್ ಅಂತ ಹೇಳ್ದೆ ಸುಮ್ನೆ ತಪ್ಪು ಉತ್ತರ ಕೊಟ್ಟು. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೇಲಿ ಪದ ಬಿಡಿಸೋಕೆ ಎಲ್ಲರೂ ಬಳಸೋ ಹುಡುಕು ಪ್ಯಾಟರ್ನಿಗೆ, ಅಂದ್ರೆ ರೆಗ್ಯುಲರ್ ಎಕ್ಸ್‌ಪ್ರೆಶನ್ನಿಗೆ ಗುಣಿತದ ಚಿಹ್ನೆ, ಅರ್ಧಾಕ್ಷರ ಮಾಡೋ ಚಿಹ್ನೆ (್), ಇವೆರಡೂ "ಅಕ್ಷರ" ಅಲ್ಲ. ಹಾಗಾಗಿ "ಕನ್ನಡ" ಅನ್ನೋ ಪದ ಅದರ ಕೈಗೆ ಸಿಕ್ಕಿದ್ರೆ "ಕನ", "ನಡ" ಅಂತ ಎರಡು ತುಂಡಾಗತ್ತೆ. "ಬೇಕು" ಇನ್ನೂ ಪಾಪ, ಬ, ಕ ಅಂತ ಎರಡು ಒಂಟಿ ಅಕ್ಷರ ಉಳಿಯತ್ತೆ, ಸೈಕಿಟ್-ಲರ್ನ್ ಥರದ ಲೈಬ್ರರಿ ತನ್ನ ಮಾಮೂಲಿ ಸೆಟ್ಟಿಂಗಲ್ಲಿ ಒಂಟಿ ಅಕ್ಷರಗಳನ್ನ ಎತ್ತಿ ಬಿಸಾಕೋದ್ರಿಂದ "ಬೇಕು" ಅನ್ನೋದೇ ನಿಮ್ಮ ನೋಟ್ಸಲ್ಲಿ ಇಲ್ಲ ಅಂತಾಗತ್ತೆ. ಆರು ವರ್ಷದ ಡೈರೀಲಿ "ಬೇಕು" ಇಲ್ಲ! ಪರಿಹಾರ ಸುಲಭ, ಆ ಪ್ಯಾಟರ್ನ್ ಬಿಟ್ಟು ಜಾಗ ಮತ್ತು ವಿರಾಮಚಿಹ್ನೆ ಎಲ್ಲಿದ್ಯೋ ಅಲ್ಲಿ ಮಾತ್ರ ಕತ್ತರಿಸಿ ಅಂತ ಹೇಳಿ, ಅಷ್ಟೆ. ಏನೇ ಟೂಲ್ ಬಳಸಿದ್ರೂ ಮೊದಲ ಹತ್ತು ನಿಮಿಷ ಅದು ಕೊಟ್ಟ ಪದಗಳ ಪಟ್ಟಿ ಮೇಲೆ ಕಣ್ಣಾಡ್ಸಿ, ಮುರಿದ ಪದ ಕಂಡ್ರೆ ಮುಂದೆ ಹೋಗ್ಬೇಡಿ.

ಇನ್ನೊಂದು, ಕಣ್ಣಿಗೆ ಒಂದೇ ಥರ ಕಾಣೋ ಪದ ಒಳಗೆ ಬೇರೆ ಇರ್ಬಹುದು. "ಕೋ" ಬರೆಯೋವಾಗ ಆ ಗುಣಿತ ಚಿಹ್ನೆ ಯೂನಿಕೋಡಲ್ಲಿ ಒಂದೇ ಕೋಡಾಗೂ ಇರ್ಬಹುದು, ಎರಡು ಮೂರು ಕೋಡ್ ಸೇರ್ಸಿದ್ದಾಗೂ ಇರ್ಬಹುದು. ಎಲ್ಲಾ ಫೈಲಿಗೂ ಒಂದ್ಸಲ ಎನ್ಎಫ್‌ಸಿ ನಾರ್ಮಲೈಸೇಶನ್ (ಒಂದೇ ಅಕ್ಷರದ ಬೇರೆಬೇರೆ ಕೋಡ್ ರೂಪಗಳನ್ನ ಒಂದೇ ರೂಪಕ್ಕೆ ತರೋದು) ಓಡಿಸಿದ್ರೆ ಇದು ಒಂದಾಗತ್ತೆ. ಆದ್ರೆ ಒತ್ತಕ್ಷರ ಆಗದ ಹಾಗೆ ತಡೆಯೋ ಆ ಕಾಣದ ಅಕ್ಷರ ಇದ್ಯಲ್ಲ, "ಲ್ಯಾಪ್‌ಟಾಪ್" ಅನ್ನೋದ್ರ ಮಧ್ಯ ಇರೋದು, ಜೀರೋ ವಿಡ್ತ್ ನಾನ್ ಜಾಯ್ನರ್, ಅದು ಎನ್ಎಫ್‌ಸಿಯಿಂದ ಹೋಗಲ್ಲ. ಫೋನಿನ ಕೀಬೋರ್ಡ್ ಒಂಥರ ಹಾಕತ್ತೆ ಕಂಪ್ಯೂಟರಿನದ್ದು ಒಂಥರ, ಎಣಿಸೋ ಕಾಪೀಲಿ ಅದನ್ನ ಪೂರ್ತಿ ತೆಗೆದುಬಿಡಿ, ಓದೋಕೆ ಅಲ್ವಲ್ಲ. ತುಂಬಾ ಹಳೇ ಫೈಲುಗಳು ನುಡಿ, ಬರಹ ಅನ್ನೋ ಟೈಪಿಂಗ್ ಸಾಫ್ಟ್ವೇರುಗಳ ಹಳೇ ಫಾಂಟಲ್ಲಿದ್ರೆ ಅವನ್ನ ಮೊದ್ಲು ಯೂನಿಕೋಡಿಗೆ ಕನ್ವರ್ಟ್ ಮಾಡ್ಲೇಬೇಕು, ಒಳಗಿರೋದು ಕನ್ನಡವೇ ಅಲ್ಲ, ಕನ್ನಡದ ವೇಷ ಹಾಕಿದ ಇಂಗ್ಲಿಷ್ ಕೀಗಳು.

ಇಂಗ್ಲಿಷ್ ಅಕ್ಷರದ ಕನ್ನಡ ನೋಟ್ಸನ್ನ ಏನು ಮಾಡೋದು ಅಂದ್ರೆ, ಎಲ್ಲಾನೂ ಆಟೋಮ್ಯಾಟಿಕ್ಕಾಗಿ ಕನ್ನಡ ಲಿಪಿಗೆ ತಿರುಗಿಸೋಕೆ ಹೋಗ್ಬೇಡಿ. ನೀವೇ "ಬೇಕು" ಅನ್ನೋದನ್ನ ಒಂದು ದಿನ ಒಂದು ಇ ಹಾಕಿ, ಇನ್ನೊಂದು ದಿನ ಎರಡು ಇ ಹಾಕಿ ಟೈಪ್ ಮಾಡಿರ್ತೀರಿ, ಮಷೀನು ಅದನ್ನ ಹತ್ತು ಥರ ತಿರುಗ್ಸತ್ತೆ. ನಾನು ಮಾಡೋದು ಆ ನೋಟ್ಸನ್ನ ಬೇರೆ ರಾಶಿ ಹಾಕಿ ಅಲ್ಲೂ ಇದೇ ಲೆಕ್ಕ ತೆಗೆದು, ಮೇಲೆ ಬಂದ ನಲವತ್ತು ಐವತ್ತು ಮಾತುಗಳನ್ನ ಮಾತ್ರ ಕೈಯಲ್ಲೇ ಕನ್ನಡದ ಪಟ್ಟಿಗೆ ಜೋಡ್ಸೋದು. ಒಂದು ಸಂಜೆ ಕೆಲ್ಸ.

ಎಣಿಸೋದು ಹೇಗೆ ಅಂದ್ರೆ, ಪದಗಳ ಮೇಲೆ ಒಂದು ಕಿಟಕಿ ಜಾರಿಸ್ಕೊಂಡು ಹೋಗೋದು, ಎನ್-ಗ್ರಾಮ್ ಅಂತಾರೆ. ಮೂರು ಪದದ ಕಿಟಕಿ ಅಂದ್ರೆ ಒಂದನೇ ಪದದಿಂದ ಮೂರನೇದು, ಎರಡನೇದ್ರಿಂದ ನಾಲ್ಕನೇದು, ಹಿಂಗೆ, ನೂರು ಪದದ ನೋಟಿಗೆ 98 ತುಂಡು ಸಿಗತ್ತೆ. ಇಂಗ್ಲಿಷಿಗೆ ಮೂರರಿಂದ ಆರು ಪದ ಸರಿ ಹೋಗತ್ತೆ, ಕನ್ನಡಕ್ಕೆ ಎರಡರಿಂದ ನಾಲ್ಕು ಸಾಕು, ಇಂಗ್ಲಿಷ್ ಮೂರು ಪದದಲ್ಲಿ ಹೇಳೋದನ್ನ ನಾವು "ಮುಗಿಸ್ಬೇಕಿತ್ತು" ಅಂತ ಒಂದೇ ಪದಕ್ಕೆ ಅಂಟಿಸಿರ್ತೀವಲ್ಲ. ಆದ್ರೆ ಅದೇ ಅಂಟಿನಿಂದ ಒಂದು ತೊಂದ್ರೆನೂ ಇದೆ. ಮುಗಿಸ್ಬೇಕು, ಮುಗಿಸಬೇಕು, ಮುಗಿಸ್ಲಿಲ್ಲ, ಮುಗಿಸ್ಬೇಕಂದ್ಕೊಂಡೆ, ಇವು ಕಂಪ್ಯೂಟರಿಗೆ ನಾಲ್ಕು ಸಂಬಂಧವಿಲ್ಲದ ಪದಗಳು. ಅದಕ್ಕೆ ಎರಡನೇ ಸುತ್ತು ಪದದ ಮೊದಲ ನಾಲ್ಕೈದು ಕೋಡ್ ಮಾತ್ರ ಇಟ್ಕೊಂಡು ಓಡ್ಸಿ, "ಮುಗಿಸ" ಅನ್ನೋ ಬೇರಿನದ್ದೆಲ್ಲ ಒಂದು ಕಡೆ ಸೇರತ್ತೆ. ಒರಟು ಉಪಾಯ, ಬೇಡದ್ದೂ ಕೆಲವು ಸೇರತ್ತೆ, ಆದ್ರೆ ನಾವು ಕೊನೆಗೆ ಕಣ್ಣಲ್ಲಿ ಓದೋದ್ರಿಂದ ನಡೆಯತ್ತೆ.

ಕೋಡ್ ಬರೆಯೋಕೆ ಬರಲ್ಲ ಅಂದ್ರೆ ಆಂಟ್‌ಕಾಂಕ್ ಅನ್ನೋ ಸಾಫ್ಟ್‌ವೇರ್ ಇದೆ, ಜಪಾನಿನ ವಸೇಡಾ ಯೂನಿವರ್ಸಿಟಿಯ ಲಾರೆನ್ಸ್ ಆಂಥೊನಿ ಮಾಡಿದ್ದು, ಫ್ರೀ, ನಿಮ್ಮ ಮಷೀನಲ್ಲೇ ಓಡತ್ತೆ. ಅದ್ರಲ್ಲಿ ಟೋಕನ್ ಡೆಫಿನಿಶನ್ (ಯಾವುದನ್ನ ಪದ ಅಂತ ಎಣಿಸ್ಬೇಕು ಅನ್ನೋ) ಸೆಟ್ಟಿಂಗಿಗೆ ಹೋಗಿ ಅಕ್ಷರಗಳ ಜೊತೆ ಮಾರ್ಕ್ ಅನ್ನೋದನ್ನೂ ಸೇರ್ಸೋದು ಮರೀಬೇಡಿ, ಮೇಲೆ ಹೇಳಿದ ಗುಣಿತದ ರೋಗ ಅಲ್ಲೂ ಬರತ್ತೆ. ವಾಯಂಟ್ ಅನ್ನೋ ಟೂಲೂ ಒಂದಿದೆ, ನೋಡೋಕೆ ಚಂದ, ಆದ್ರೆ ಅದರ ವೆಬ್‌ಸೈಟಿಗೆ ಡೈರಿ ಅಪ್‌ಲೋಡ್ ಮಾಡ್ಬೇಡಿ, ನಮ್ಮ ಕಂಪ್ಯೂಟರಲ್ಲೇ ಓಡಿಸೋಕೆ ಬೇರೆ ಡೌನ್‌ಲೋಡ್ ಇದೆ, ಅದನ್ನ ಬಳಸಿ. ಟರ್ಮಿನಲ್ ಗೊತ್ತಿರೋರಿಗೆ ಗ್ರೆಪ್ ಸಾಕಷ್ಟಾಯ್ತು, ಬೇರೆ ಹಳೇ ಯೂನಿಕ್ಸ್ ಕಮಾಂಡುಗಳ ಬಗ್ಗೆ ಮಾತ್ರ ಹುಷಾರು, ಕನ್ನಡದ ಒಂದೊಂದು ಕೋಡೂ ಯುಟಿಎಫ್-8ರಲ್ಲಿ ಮೂರು ಬೈಟು, ಬೈಟ್ ಲೆಕ್ಕದಲ್ಲಿ ಕೆಲ್ಸ ಮಾಡೋ ಟಿಆರ್ ಥರದ್ದು ಅಕ್ಷರಾನ ಮಧ್ಯಕ್ಕೇ ಮುರಿಯತ್ತೆ.

ಪಟ್ಟಿ ಬಂದ್ಮೇಲೆ ಗಾಬರಿ ಆಗ್ಬೇಡಿ, ಲಕ್ಷಗಟ್ಟಲೆ ಸಾಲು ಇರತ್ತೆ, ಅದ್ರಲ್ಲಿ ಬಹುಪಾಲು ಒಂದೇ ಒಂದು ಸಲ ಬಂದಿರೋದು. ಭಾಷೆನೇ ಹಾಗೆ, ಕೆಲವೇ ಪದ ವಿಪರೀತ ಬರತ್ತೆ, ಮಿಕ್ಕಿದ್ದು ಒಂದೊಂದು ಸಲ, ಜಿಫ್ ಅನ್ನೋ ಭಾಷಾತಜ್ಞನ ಹೆಸರಲ್ಲಿ ಇದಕ್ಕೊಂದು ನಿಯಮನೇ ಇದೆ. ಈಗ ಮೂರು ಜರಡಿ ಹಿಡೀರಿ. ಒಂದೇ ನೋಟಲ್ಲಿ ಎಷ್ಟು ಸಲ ಬಂದ್ರೂ ಒಂದೇ ಅಂತ ಎಣಿಸಿ, ಕಮ್ಮಿ ಅಂದ್ರೂ ಐದು ಬೇರೆ ನೋಟಲ್ಲಿ ಇದ್ರೆ ಮಾತ್ರ ಉಳಿಸ್ಕೊಳ್ಳಿ. ಸಿಟ್ಟಲ್ಲಿ ಕೂತು ಒಂದೇ ರಾತ್ರಿ "ಸಾಕಾಯ್ತು" ಅಂತ ಇಪ್ಪತ್ತು ಸಲ ಬರೆದಿರೋದು ಆ ರಾತ್ರಿಯ ವಿಷಯ, ಆರು ವರ್ಷದಲ್ಲಿ ಇಪ್ಪತ್ತು ದಿನ ಬರೆದಿದ್ರೆ ಅದು ಬೇರೆ ವಿಷಯ. ಎರಡನೇದು, ಸಣ್ಣ ತುಂಡು ದೊಡ್ಡ ತುಂಡಿನ ಒಳಗೇ ಇದ್ದು ಎರಡರ ಲೆಕ್ಕವೂ ಒಂದೇ ಆದ್ರೆ ದೊಡ್ಡದನ್ನ ಇಟ್ಕೊಂಡು ಸಣ್ಣದನ್ನ ಬಿಡಿ. ಮೂರನೇದು ತಿಂಗಳ ಪಟ್ಟಿ, ಅಡ್ಡಕ್ಕೆ ತಿಂಗಳು ಉದ್ದಕ್ಕೆ ಮಾತುಗಳು, ಬಂದ ತಿಂಗಳಿಗೆ ಒಂದು ಚುಕ್ಕೆ. ಸ್ಪ್ರೆಡ್‌ಶೀಟಲ್ಲಿ ಇಷ್ಟು ಮಾಡಿ ಸ್ವಲ್ಪ ದೂರದಿಂದ ನೋಡಿದ್ರೇ ಗೊತ್ತಾಗತ್ತೆ, ಕೆಲವು ಮಾತು ಎರಡು ತಿಂಗಳು ದಟ್ಟವಾಗಿ ಬಂದು ಸತ್ತುಹೋಗಿರತ್ತೆ, ಆಗ ಯಾವ್ದೋ ಪಾಡ್‌ಕಾಸ್ಟ್ ಕೇಳ್ತಿದ್ರಿ ಅಂತ ನೆನಪಾಗತ್ತೆ. ಕೆಲವು ಎಂಟು ತಿಂಗಳು ಹತ್ತು ತಿಂಗಳು ಬಿಟ್ಟು ಬಿಟ್ಟು ಬರ್ತಾನೇ ಇರತ್ತೆ, ನೀವು ಮರೆತೇ ಹೋಗಿದ್ರೂ. ಮೊದ್ಲು ಓದ್ಬೇಕಾದ್ದು ಆ ಎರಡನೇ ಥರದ್ದನ್ನ.

ಒಂದು ಎಚ್ಚರಿಕೆ. ಎಲ್ಲಾ ಟ್ಯುಟೋರಿಯಲ್ಲೂ "ಸ್ಟಾಪ್‌ವರ್ಡ್ಸ್ ತೆಗೀರಿ" ಅನ್ನತ್ತೆ, ಅಂದ್ರೆ ಆದ್ರೆ, ಅಂತ, ಏನೋ, ಇನ್ನೂ ಥರದ ಪುಟ್ಟ ಪದಗಳನ್ನ. ವಿಷಯ ವಿಂಗಡಿಸೋಕೆ ಅದು ಸರಿ, ನಿಮ್ಮ ಕೆಲ್ಸಕ್ಕೆ ತಪ್ಪು. ರೊಬೆರ್ಟೊ ಬುಸಾ ಅನ್ನೋ ಇಟಲಿಯ ಪಾದ್ರಿ, 13ನೇ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವೈನಸ್‌ನ ಬರಹದಲ್ಲಿ "ಇರುವಿಕೆ" ಅನ್ನೋ ಕಲ್ಪನೆ ಹುಡುಕ್ತಾ ಹೊರಟವರು, ಆ ದೊಡ್ಡ ಪದದಲ್ಲಿ ಹೆಚ್ಚೇನೂ ಸಿಗದೆ, ಲ್ಯಾಟಿನ್ನಿನ "ಇನ್" ಅನ್ನೋ ಪುಟ್ಟ ಪದದಲ್ಲಿ ಅದು ಅಡಗಿದೆ ಅಂತ ಕಂಡುಕೊಂಡ್ರು, ಆ ಪದ ಇರೋ ವಾಕ್ಯಗಳನ್ನ ಕೈಯಲ್ಲೇ 10,000 ಕಾರ್ಡಿಗೆ ಬರೆದ್ರು. ಇನ್ನು ಕೈಯಲ್ಲಿ ಆಗಲ್ಲ ಅಂತ 1949ರಲ್ಲಿ ಐಬಿಎಂ ಬಾಗಿಲು ತಟ್ಟಿದ್ರು, ಕಂಪ್ಯೂಟರಲ್ಲಿ ಬರಹ ಸೋಸೋ ಕೆಲ್ಸದ ಚರಿತ್ರೆ ಹೇಳೋರು ಹೆಚ್ಚಾಗಿ ಅಲ್ಲಿಂದಲೇ ಶುರು ಮಾಡೋದು, ಅವರ ಪದಸೂಚಿ ಕೊನೆಗೆ 56 ಸಂಪುಟ ಆಯ್ತು. ನನಗೆ ಈ ಕತೆ ತುಂಬಾ ಇಷ್ಟ, ಯಾಕಂದ್ರೆ ಕನ್ನಡದಲ್ಲಿ ಆ "ಇನ್" ಬೇರೆ ಪದವಾಗೂ ಇರಲ್ಲ, "ಅಲ್ಲಿ" ಅಂತ ಪದದ ಬಾಲಕ್ಕೆ ಅಂಟಿರತ್ತೆ. ಅಂದ್ರೆ ನಮ್ಮ ಪುಟ್ಟ ಪದಗಳೆಲ್ಲ ಬಾಲದಲ್ಲಿವೆ. ಹಾಗಾಗಿ ಪದದ ಕೊನೆ ಹಿಡಿದು ಹುಡುಕಿ. "ಬೇಕಿತ್ತು" ಅಂತ ಮುಗಿಯೋದೆಲ್ಲ ಒಂದು ರಾಶಿ, "ಬಹುದಿತ್ತು" ಒಂದು, "ಬಾರ್ದಿತ್ತು" ಒಂದು, "ಅನ್ಸತ್ತೆ" ಒಂದು, "ಏನೋ" ಒಂದು. ಮಾಡ್ಬೇಕಿತ್ತು, ಹೇಳ್ಬೇಕಿತ್ತು, ಕೇಳ್ಬೇಕಿತ್ತು, ಹೋಗ್ಬೇಕಿತ್ತು ಇವುಗಳ ಮುಂದಿನ ಭಾಗ ಬೇರೆಬೇರೆ, ಎನ್-ಗ್ರಾಮಿಗೆ ಯಾವತ್ತೂ ಸಿಗಲ್ಲ, ಬಾಲದಿಂದ ಹಿಡಿದ್ರೆ ಒಂದೇ ಸಲಕ್ಕೆ ಸಿಗತ್ತೆ. ನಾನು ನೋಡಿದ ಒಬ್ಬರ ನೋಟ್ಸಲ್ಲಿ ಆಫೀಸಿನ ವಿಷಯಕ್ಕೆಲ್ಲ "ಮಾಡ್ಬೇಕು", ಮನೆ ವಿಷಯಕ್ಕೆಲ್ಲ "ಮಾಡ್ಬೇಕಿತ್ತು" ಇತ್ತು, ಅವರಿಗೇ ಅದು ಗೊತ್ತಿರ್ಲಿಲ್ಲ, ಎರಡು ರಾಶಿ ಅಕ್ಕಪಕ್ಕ ಇಟ್ಟು ತೋರ್ಸಿದಾಗ ತುಂಬಾ ಹೊತ್ತು ಸುಮ್ನೆ ಕೂತಿದ್ರು.

ಈಗ ಓದೋ ಹಂತ, ಎಲ್ಲಕ್ಕಿಂತ ಮುಖ್ಯ. ಮಾತನ್ನ ನಡುವೆ ನಿಲ್ಲಿಸಿ ಅದರ ಎಡಬಲದ ಒಂದಷ್ಟು ಪದ ಸಮೇತ ಸಾಲಾಗಿ ಜೋಡ್ಸೋ ಪದ್ಧತಿಗೆ ಕ್ವಿಕ್ ಅಂತ ಹೆಸರು, ಸಂದರ್ಭದ ಸಮೇತ ಪದ ಅಂತ ಅರ್ಥ, ಐಬಿಎಂನ ಹಾನ್ಸ್ ಪೀಟರ್ ಲೂನ್ 1950ರ ದಶಕದ ಕೊನೇಲಿ ಕಂಪ್ಯೂಟರಿಗೆ ತಂದಿದ್ದು, ಆಂಟ್‌ಕಾಂಕಲ್ಲಿ ಒಂದು ಕ್ಲಿಕ್ಕು. ನನ್ನದೇ ನೋಟ್ಸಿನ ಐದು ಸಾಲು ಇಡ್ತೀನಿ, ನೋಡಿ:

ಇನ್ಶೂರೆನ್ಸ್ ಪೇಪರೆಲ್ಲ ತೆಗೆದು | ಒಂದ್ಸಲ ಕೂತು ನೋಡ್ಬೇಕು
ಅಪ್ಪನ ರಿಪೋರ್ಟ್‌ಗಳನ್ನ ಡೇಟ್ ಪ್ರಕಾರ ಜೋಡ್ಸಿ | ಒಂದ್ಸಲ ಕೂತು ನೋಡ್ಬೇಕು
ಈ ತಿಂಗ್ಳೂ ಹಿಂಗೇ ಖರ್ಚಾಗಿದೆ, ಯಾಕೆ ಅಂತ | ಒಂದ್ಸಲ ಕೂತು ನೋಡ್ಬೇಕು
ಹಳೇ ಫೋಟೋ ಎರಡು ಡ್ರೈವಲ್ಲಿದೆ, | ಒಂದ್ಸಲ ಕೂತು ನೋಡ್ಬೇಕು
ಅವತ್ತು ಅಣ್ಣ ಹಂಗ್ಯಾಕಂದ ಅಂತ | ಒಂದ್ಸಲ ಕೂತು ಮಾತಾಡ್ಬೇಕು

ಇದನ್ನ ನೋಡೋ ಮುಂಚೆ ನಂಗೆ ಇದ್ದ ವಿವರಣೆ ಟೈಮ್ ಇಲ್ಲ ಅನ್ನೋದು. ಸಾಲಾಗಿ ಇಟ್ಟಾಗ ಎರಡು ಕಂಡ್ವು. ಆ ಮಾತಿನ ಬಲಗಡೆ ಎಲ್ಲಾ ಕಡೆ ಖಾಲಿ, ಅಂದ್ರೆ ಈ ಮಾತು ಬರೆದ ತಕ್ಷಣ ನಾನು ನೋಟ್ ಮುಚ್ಚಿದೀನಿ, ಅದರ ಮುಂದೆ ಯಾವತ್ತೂ ಒಂದಕ್ಷರ ಬರೆದಿಲ್ಲ. ಎಡಗಡೆ ಇರೋದು, ಫೋಟೋ ಒಂದನ್ನ ಬಿಟ್ರೆ, ತೆಗೆದು ನೋಡಿದ್ರೆ ಏನೋ ಬೇಡದ್ದು ಕಾಣಬಹುದು ಅನ್ನೋ ಹೆದರಿಕೆ ಇರೋ ವಿಷಯಗಳು. ಟೈಮಿನ ಪ್ರಶ್ನೆನೇ ಅಲ್ಲ ಅದು. ಅಪ್ಪನ ರಿಪೋರ್ಟ್ ಸಾಲು ಬರೆದು ಏಳು ತಿಂಗಳಾಗಿತ್ತು, ಆ ವಾರನೇ ಕೂತು ಜೋಡ್ಸಿದೆ. ಬರೀ "ಈ ಮಾತು ಇಷ್ಟು ಸಲ ಬಂದಿದೆ" ಅಂತ ಸಂಖ್ಯೆ ನೋಡಿ ಬಿಟ್ಟಿದ್ರೆ ನಂಗೆ ಇದು ಯಾವತ್ತೂ ಕಾಣ್ತಿರ್ಲಿಲ್ಲ. ಸಾಲುಗಳನ್ನ ಒಮ್ಮೆ ಎಡಗಡೆ ಪದದ ಪ್ರಕಾರ, ಒಮ್ಮೆ ಬಲಗಡೆ ಪದದ ಪ್ರಕಾರ ಸಾರ್ಟ್ ಮಾಡಿ ನೋಡಿ, ಒಂದರಲ್ಲಿ ಕಾಣದ್ದು ಇನ್ನೊಂದ್ರಲ್ಲಿ ಕಾಣತ್ತೆ. ಮತ್ತೆ ಹೊಂದದೇ ಇರೋ ಸಾಲನ್ನ, ನನ್ನ ಫೋಟೋ ಸಾಲಿನ ಥರದ್ದನ್ನ, ಕತೆ ಚೆನ್ನಾಗಿ ಕೂರ್ಲಿ ಅಂತ ಮುಚ್ಚಿಡಬೇಡಿ. ಇಪ್ಪತ್ತರಲ್ಲಿ ಎಂಟು ಹೊಂದಿಲ್ಲ ಅಂದ್ರೆ ನೀವು ಕಂಡ ಪ್ಯಾಟರ್ನು ಪ್ಯಾಟರ್ನೇ ಅಲ್ಲ.

ಮಾತು ಬೇರೆ ಆದ್ರೂ ವಿಷಯ ಅದೇ ಆಗಿರೋದು ಇದ್ಯಲ್ಲ, ಅದು ಎಣಿಕೆಗೆ ಸಿಗಲ್ಲ, ಅಲ್ಲಿಗೆ ಎಂಬೆಡಿಂಗ್ ಬೇಕು. ಪ್ರತಿ ನೋಟನ್ನೂ ಅರ್ಥದ ಮೇಲೆ ಒಂದು ಸಂಖ್ಯೆಗಳ ಸರ ಮಾಡಿ, ಯಾವ ಎರಡು ಸರ ಹತ್ತಿರ ಇವೆ ಅಂತ ನೋಡೋದು. ಗೂಗಲ್‌ನವರು ಬಿಟ್ಟಿರೋ ಲ್ಯಾಬ್ಸೆ ಅನ್ನೋ ಮಾಡೆಲ್ 109 ಭಾಷೆಗೆ ತಯಾರಾಗಿದ್ದು, ಕನ್ನಡನೂ ಅದ್ರಲ್ಲಿದೆ, ಒಂದ್ಸಲ ಇಳಿಸ್ಕೊಂಡ್ರೆ ನೆಟ್ ಇಲ್ದೆ ನಿಮ್ಮ ಮಷೀನಲ್ಲೇ ಓಡತ್ತೆ, ಕನ್ನಡದ ನೋಟು ಇಂಗ್ಲಿಷ್ ನೋಟು ಒಂದೇ ಮಾತು ಹೇಳ್ತಿದ್ರೆ ಅದನ್ನೂ ಹತ್ತಿರ ತರತ್ತೆ. ನನ್ನ ಸಲಹೆ ಏನಂದ್ರೆ, ಅರ್ಥದಲ್ಲಿ ತುಂಬಾ ಹತ್ತಿರ ಇದ್ದು ಪದಗಳಲ್ಲಿ ತುಂಬಾ ದೂರ ಇರೋ ಜೋಡಿಗಳನ್ನ ಮಾತ್ರ ಮೇಲೆ ತಂದು ಓದಿ, ಮಿಕ್ಕಿದ್ದು ಆಗ್ಲೇ ಎನ್-ಗ್ರಾಮಲ್ಲಿ ಸಿಕ್ಕಿರತ್ತೆ. ಒಂದು ದೋಷ ಗೊತ್ತಿರ್ಲಿ, "ಈ ಕೆಲ್ಸ ಬಿಡ್ಬೇಕು", "ಈ ಕೆಲ್ಸ ಬಿಡ್ಬಾರ್ದು" ಅನ್ನೋ ಎರಡನ್ನೂ ಇದು ಪಕ್ಕಪಕ್ಕ ಇಡತ್ತೆ. ಎರಡು ಸಾಲಿನ ಪುಟ್ಟ ನೋಟ್ಸ್ ಮೇಲಂತೂ ಅಷ್ಟು ಭರವಸೆ ಇಡಬೇಡಿ.

ಎಐ ಚಾಟು ಬೇಕಾಗೋದು ಈಗ. ನೋಟ್ಸೆಲ್ಲ ಕೊಟ್ಟು ನಾನ್ಯಾರು ಅಂತ ಕೇಳ್ಬೇಡಿ. ನೀವೇ ತೆಗೆದ ಮೂವತ್ತು ಸಾಲು ಕೊಟ್ಟು "ಎಡಗಡೆ ಇರೋದನ್ನ ಗುಂಪು ಮಾಡು, ಪ್ರತಿ ಗುಂಪಿಗೂ ಯಾವ ಸಾಲು ಅಂತ ನಂಬರ್ ಹಾಕು, ಯಾವ ಗುಂಪಿಗೂ ಸೇರದ್ದನ್ನ ಬೇರೆ ಬರಿ" ಅಂತ ಕೇಳಿ. ಮೂವತ್ತು ಸಾಲು ಅಂದ್ರೆ ನೀವೇ ಎರಡು ನಿಮಿಷದಲ್ಲಿ ತಾಳೆ ನೋಡ್ಬಹುದು, ತಪ್ಪಿದ್ರೆ ಕಾಣತ್ತೆ. ಹೆಸರುಗಳನ್ನ ಅಳಿಸಿ ಕೊಡಿ. ಡೈರೀಲಿ ನಿಮ್ಮ ಗುಟ್ಟಷ್ಟೇ ಅಲ್ಲ, ನಿಮ್ಮನ್ನ ನಂಬಿ ಹೇಳ್ಕೊಂಡವರ ಗುಟ್ಟೂ ಇರತ್ತೆ, ಅದನ್ನ ಯಾವ್ದೋ ಸರ್ವರಿಗೆ ಕಳ್ಸೋಕೆ ಅವರು ಒಪ್ಪಿಗೆ ಕೊಟ್ಟಿಲ್ಲ.

ಎಲ್ಲಾ ಮುಗಿದ ಮೇಲೆ ಆ ಟೆಕ್ಸ್ಟ್ ಕಾಪಿಗಳ ಫೋಲ್ಡರ್ ಡೆಸ್ಕ್‌ಟಾಪಲ್ಲೇ ಬಿದ್ದಿರತ್ತೆ, ಎಲ್ಲರೂ ಮರೆಯೋದು ಅದನ್ನೇ. ಆಪಲ್ಲಿ ಲಾಕ್ ಹಾಕಿಟ್ಟಿದ್ದ ನೋಟು ಕೂಡ ಅಲ್ಲಿ ಯಾರು ಬೇಕಾದ್ರೂ ತೆಗೆದು ಓದೋ ಹಾಗೆ ಇರತ್ತೆ. ತಿಂಗಳ ಚುಕ್ಕೆಗಳ ಸ್ಪ್ರೆಡ್‌ಶೀಟ್ ಮಾತ್ರ ಇಟ್ಕೊಂಡು ಮಿಕ್ಕಿದ್ದನ್ನ ಅಳಿಸಿ, ಟ್ರ್ಯಾಶನ್ನೂ ಖಾಲಿ ಮಾಡಿ, ಆ ಫೋಲ್ಡರ್ ತನ್ನಷ್ಟಕ್ಕೇ ಕ್ಲೌಡಿಗೆ ಬ್ಯಾಕಪ್ ಆಗ್ತಿತ್ತಾ ಅಂತ ಒಂದ್ಸಲ ನೋಡಿ, ಆಗಿದ್ರೆ ಅಲ್ಲಿಂದಲೂ ತೆಗೀರಿ.